ಕಮ್ಮಿ ರೇಟಿನ ಎಲೆಕ್ಟ್ರಿಕ್ ಸ್ಮೋಕರ್ ತಗೊಂಡಿದೀನಿ, ಮೊದ್ಲು ಬ್ರಿಸ್ಕೆಟ್ ಮಾಡ್ಬಹುದಾ?

ಟೆಕ್ಸಸ್‌ಗೆ ಹೊಸಬ್ರು, ಸೇಲಲ್ಲಿ ಬಾಡನ್ನ ಹೊಗೇಲಿ ಬೇಯಿಸೋ ಸ್ಮೋಕರ್ ಸಿಕ್ತು, ಶನಿವಾರ ಫ್ರೆಂಡ್ಸ್ ಬರ್ತಾರೆ, ಡೈರೆಕ್ಟಾಗಿ ಬ್ರಿಸ್ಕೆಟ್ಟೇ (ದನದ ಎದೆಭಾಗದ ದೊಡ್ಡ, ಗಟ್ಟಿ ತುಂಡು) ಇಡ್ಲಾ ಅಂತ ಕೇಳಿದೀರಿ. ಬೇಡ ಮಾರಾಯ್ರೇ. ನಾನು ಅದನ್ನೇ ಮಾಡಿ ರಾತ್ರಿ ಹನ್ನೊಂದು ಗಂಟೆಗೆ ನೆಂಟರಿಗೆ ಪಿಜ್ಜಾ ತರಿಸಿದವನು.

ಮೊದ್ಲು ಆ ಪೆಟ್ಟಿಗೆ ಏನು ಅಂತ ನೋಡಿ. ಕೆಳಗೊಂದು ಕಾಯಿಲ್, ಸುಮಾರು 800 ವ್ಯಾಟ್, ಅಂದ್ರೆ ಊರಲ್ಲಿನ ಇಸ್ತ್ರಿಪೆಟ್ಟಿಗೆಯಷ್ಟೇ. ಅದರ ಹತ್ರ ಮರದ ಚಿಪ್ಸ್ ಹಾಕೋ ಟ್ರೇ, ಮೇಲೆ ನೀರಿನ ಪ್ಯಾನು, ಅದರ ಮೇಲೆ ಜಾಲರಿಗಳು. ಈ ರೇಟಿನವು ಹೆಚ್ಚಿನವು 275 ಡಿಗ್ರಿ ಫ್ಯಾರನ್‌ಹೀಟ್ (ಮುಂದೆ ಹೇಳೋ ಡಿಗ್ರಿಗಳೂ ಫ್ಯಾರನ್‌ಹೀಟೇ) ದಾಟಲ್ಲ, ಹಂಗಾಗಿ ತಂದೂರಿ ತರ ಗರಿಗರಿ ಏನೂ ಬರಲ್ಲ ಅಂತ ಮೊದಲೇ ಮನಸ್ಸಲ್ಲಿ ಇಟ್ಕೊಳಿ. ತಂದ ದಿನ ಬಾಡು ಇಡಬೇಡಿ, ಖಾಲಿ ಪೆಟ್ಟಿಗೇನೇ 275ಕ್ಕೆ ಇಟ್ಟು ಒಂದು ಮೂರು ಗಂಟೆ ಓಡಿಸಿ, ಕೊನೇ ಮುಕ್ಕಾಲು ಗಂಟೆ ಸ್ವಲ್ಪ ಚಿಪ್ಸ್ ಹಾಕಿ, ಫ್ಯಾಕ್ಟರಿ ಎಣ್ಣೆ ವಾಸನೆ ಹೋಗುತ್ತೆ.

ಇನ್ನು ಹೊಗೆ. ಎಲ್ಲಾರೂ ಎಡವೋದು ಇಲ್ಲೇ. ಸ್ಮೋಕರ್ ಅಂದ್ಮೇಲೆ ಹೊಗೆ ಧಾರಾಳವಾಗಿ ಬರ್ಲಿ ಅಂತ ನಾನು ಮೊದಲ ಸಲ ಟ್ರೇ ತುಂಬ ಮೆಸ್ಕೀಟ್ ಅನ್ನೋ ಘಾಟು ಹೊಗೆಯ ಮರದ ಚಿಪ್ಸ್ ತುರುಕಿ, ಹೊಗೆ ಹೋಗೋ ಮೇಲಿನ ವೆಂಟೂ ಮುಚ್ಚಿಬಿಟ್ಟೆ, ಕೋಳಿ ತಿಂದ್ರೆ ಹಂಡೆ ಒಲೆಯ ಮಸಿ ನೆಕ್ಕಿದ ಹಾಗಿತ್ತು, ನಮ್ಮನೆಯವಳು ಇವತ್ತಿಗೂ ಅದನ್ನ ಬಿಟ್ಟಿಲ್ಲ. ವೆಂಟ್ ತೆಗೆದೇ ಇಡಿ. ಸಲಕ್ಕೆ ಒಂದು ಹಿಡಿ ಚಿಪ್ಸ್ ಸಾಕು, ಮುಗಿದ ಮೇಲೆ ಇನ್ನೊಂದು ಹಿಡಿ. ದಟ್ಟ ಬಿಳಿ ಹೊಗೆ ಕಹಿ, ಕಣ್ಣಿಗೆ ಕಂಡೂ ಕಾಣದ ಹಾಗೆ ತೆಳ್ಳಗೆ ಹೋಗೋ ಹೊಗೇನೇ ರುಚಿ. ಮೊದ್ಲಿಗೆ ಆಪಲ್ ಅಥವಾ ಚೆರ್ರಿ ಮರ ತಗೊಳಿ, ಮೆಸ್ಕೀಟ್ ಆಮೇಲೆ ನೋಡೋಣ. ಚಿಪ್ಸ್ ನೀರಲ್ಲಿ ನೆನೆಸಿ ಅಂತಾರೆ, ನನ್ನ ಪ್ರಕಾರ ದಂಡ, ಆ ನೀರು ಆವಿಯಾಗೋ ತನಕ ಹೊಗೇನೇ ಬರಲ್ಲ. ಬಾಡು ತಣ್ಣಗೆ ಹಸಿಯಾಗಿದ್ದಾಗ್ಲೇ ಹೊಗೆ ಚೆನ್ನಾಗಿ ಹಿಡಿಯೋದು, ಅದಕ್ಕೆ ಮೊದಲ ಎರಡು ಮೂರು ಗಂಟೆ ಚಿಪ್ಸ್ ಹಾಕಿ, ಆಮೇಲೆ ಸುಮ್ನೆ ಬೇಯಕ್ಕೆ ಬಿಡಿ.

ಸ್ಮೋಕರಿಗೆ ಕೊಟ್ಟ ದುಡ್ಡಲ್ಲದೆ ಇನ್ನೊಂದಕ್ಕೆ ಖರ್ಚು ಮಾಡೋದಾದ್ರೆ ಬಾಡಿನೊಳಗೆ ಚುಚ್ಚೋ ಥರ್ಮಾಮೀಟರಿಗೆ ಮಾಡಿ, ಎರಡು ಪ್ರೋಬ್ (ಚುಚ್ಚೋ ಕಡ್ಡಿ) ಇರೋದು. ಬಾಗಿಲ ಮೇಲಿನ ನಂಬರ್ ನಂಬೋ ಹಾಗಿಲ್ಲ, ನನ್ನದರಲ್ಲಿ 25-30 ಡಿಗ್ರಿ ಆಚೀಚೆ ಇತ್ತು. ಒಂದು ಪ್ರೋಬ್ ಜಾಲರಿ ಮೇಲೆ, ಇನ್ನೊಂದು ಬಾಡಿನ ದಪ್ಪ ಭಾಗದೊಳಗೆ, ಮೂಳೆಗೆ ತಾಗದ ಹಾಗೆ. ಗಡಿಯಾರ ನೋಡಿ ತೆಗೀಬೇಡಿ.

ಶನಿವಾರಕ್ಕೆ ಚಿಕನ್ ತೊಡೆ ಮಾಡಿ. ಸ್ಮೋಕರ್ 275, ಒಂದೂವರೆ ಎರಡು ಗಂಟೆ, ಒಳಗೆ 165 ದಾಟಿದ್ರೆ ಬೆಂದ ಹಾಗೆ, 175 ಆದ್ರೆ ಇನ್ನೂ ಮೆತ್ತಗೆ. ಚರ್ಮ ರಬ್ಬರ್ ತರ ಇರುತ್ತೆ, ಕೊನೆಗೆ ಐದು ನಿಮಿಷ ಓವನ್ನಿನ ಬ್ರಾಯ್ಲರ್ (ಮೇಲಿಂದ ಸುಡೋ ಉರಿ) ಕೆಳಗೆ ತೋರಿಸಿ.

ಅದಾದ ಮೇಲಿನ ವಾರ ಹಂದಿ ಭುಜ, ಅಂಗಡೀಲಿ ಬೋಸ್ಟನ್ ಬಟ್ ಅಂತಿರುತ್ತೆ. ಉಪ್ಪು, ಕಾಳುಮೆಣಸು, ಖಾರದಪುಡಿ, ಸ್ವಲ್ಪ ಬೆಲ್ಲದ ಪುಡಿ ಹಿಂದಿನ ರಾತ್ರಿನೇ ಹಚ್ಚಿಡಿ. 225ರಲ್ಲಿ ಪೌಂಡಿಗೆ ಒಂದೂವರೆಯಿಂದ ಎರಡು ಗಂಟೆ ಲೆಕ್ಕ, ನಾಲ್ಕು ಪೌಂಡಿಗೆ ಒಂದು ಇಡೀ ಹಗಲು. ಮಧ್ಯದಲ್ಲಿ 160ರ ಆಸುಪಾಸಿಗೆ ಬಂದು ಮುಳ್ಳು ನಿಂತುಬಿಡುತ್ತೆ, ಗಂಟೆಗಟ್ಟಲೆ ಅಲ್ಲಾಡಲ್ಲ. ಮೆಷಿನ್ ಕೆಟ್ಟಿಲ್ಲ, ಮೈ ಬೆವರಿ ತಣ್ಣಗಾಗುತ್ತಲ್ಲ ಹಂಗೇ, ಬಾಡಿನ ನೀರು ಆವಿಯಾಗ್ತಾ ಬಿಸಿ ತಿಂದುಹಾಕ್ತಿದೆ. ನನ್ನ ಬ್ರಿಸ್ಕೆಟ್ ಸತ್ತಿದ್ದು ಇಲ್ಲೇ, ನಾನು ಗಾಬರಿಯಾಗಿ ಐದೈದು ನಿಮಿಷಕ್ಕೆ ಬಾಗಿಲು ತೆಗೆದು ನೋಡ್ತಾ ಇದ್ದ ಬಿಸೀನೂ ಹೊರಗೆ ಬಿಟ್ಟೆ. ಫಾಯಿಲಲ್ಲಿ ಬಿಗಿಯಾಗಿ ಸುತ್ತಿ ಇಡಿ, ದಾಟುತ್ತೆ. 200 ಹತ್ರ ಬಂದಾಗ ಪ್ರೋಬ್ ಬೆಣ್ಣೆಗೆ ಹೋದ ಹಾಗೆ ಹೋಗ್ಬೇಕು. ಆಮೇಲೆ ಒಂದು ಗಂಟೆ ಮುಟ್ಟಬೇಡಿ.

ಒಂದು ಮಾತು. ಸಕಲೇಶಪುರದ ಕಡೆ ನಮ್ಮಜ್ಜಿ ಮನೇಲಿ ಬಾಡಿನ ತುಂಡುಗಳಿಗೆ ಉಪ್ಪು ಅರಿಶಿನ ಹಚ್ಚಿ ಸರ ಮಾಡಿ ಒಲೆ ಮೇಲೆ ಕಟ್ಟಿರ್ತಿದ್ರು, ಹೊಗೇಲಿ ಒಣಗಿ ಸೌದೆ ತರ ಆಗಿ ಮಳೆಗಾಲಕ್ಕೂ ಬರ್ತಿತ್ತು. ಇದೂ ಹಂಗೇ ಅಂದ್ಕೊಂಡು ಹೊರಗೆ ಇಟ್ಬಿಡಬೇಡಿ, ಇದು ಹೊಗೇಲಿ ಬೇಯಿಸಿದ ಬಾಡು, ಒಣಬಾಡಲ್ಲ, ಫ್ರಿಜ್ಜಲ್ಲಿ ಮೂರ್ನಾಲ್ಕು ದಿನ ಅಷ್ಟೇ.

ಅಪಾರ್ಟ್‌ಮೆಂಟ್ ಬಾಲ್ಕನೀಲಿ, ಗ್ಯಾರೇಜಲ್ಲಿ ಹಚ್ಚಲೇಬೇಡಿ, ಕರೆಂಟಿಂದು ಅಂದ್ರೂ ಒಳಗೆ ಉರಿಯೋದು ಮರಾನೇ. ತೆಳ್ಳನೆ ಎಕ್ಸ್‌ಟೆನ್ಷನ್ ವೈರೂ ಬೇಡ, ಮಳೆಗೂ ಬಿಡಬೇಡಿ.

ಕೊಯ್ದಾಗ ಅಂಚಲ್ಲಿ ಗುಲಾಬಿ ಬಣ್ಣದ ರಿಂಗ್ ಇಲ್ಲ ಅಂತ ಪಕ್ಕದ ಮನೆ ಟೆಕ್ಸನ್ ಮೂಗು ಮುರೀಬಹುದು, ನಮ್ಮ ಪಕ್ಕದವನು ಈ ಸ್ಮೋಕರನ್ನ ಈಜಿ ಬೇಕ್ ಓವನ್, ಅಂದ್ರೆ ಮಕ್ಕಳ ಆಟದ ಓವನ್, ಅಂತಾನೆ. ಕಟ್ಟಿಗೆ, ಇದ್ದಿಲು ಉರಿದಾಗ ಬರೋ ಗ್ಯಾಸಿಂದ ಆ ಬಣ್ಣ, ಎಲೆಕ್ಟ್ರಿಕ್‌ನಲ್ಲಿ ಅದು ಸಾಲಲ್ಲ, ರುಚಿಗೂ ಅದಕ್ಕೂ ಸಂಬಂಧ ಇಲ್ಲ. ಉಳಿದ ಹಂದೀನ ನಾನು ಮರುದಿನ ಈರುಳ್ಳಿ, ಕಾಳುಮೆಣಸು, ಒಂದು ಚಮಚ ಕಾಚಂಪುಳಿ ಹಾಕಿ ಹುರಿದು ಅಕ್ಕಿರೊಟ್ಟಿ ಜೊತೆ ಕೊಟ್ಟೆ, ಅವನು ತಟ್ಟೆ ಖಾಲಿ ಮಾಡಿ ಇನ್ನೊಂದು ರೊಟ್ಟಿ ಕೇಳಿದ.