ಪರದೇಶಕ್ಕೆ ಹೊರಟರೆ ಎಷ್ಟು ದಿನ? ಓದುಗರು ಕೇಳಿದ್ದು, ನಾವು ಹೇಳಿದ್ದು

ಈ ಸಲ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪ್ರಶ್ನೆಗಳನ್ನೇ ಆರಿಸಿದ್ದೇವೆ. ಹೊರಟ ದೇಶ ಬೇರೆ ಬೇರೆಯಾದರೂ ಎಲ್ಲರ ಅನುಮಾನ ಒಂದೇ: ಎಷ್ಟು ದಿನ ಹಾಕಿಕೊಳ್ಳೋಣ?

ಪ್ರಶ್ನೆ: ನಾವು ಗಂಡ ಹೆಂಡತಿ ಅಕ್ಟೋಬರ್ ಮೊದಲಲ್ಲಿ ಯುರೋಪಿಗೆ ಹೋಗಬೇಕೆಂದಿದ್ದೇವೆ. ಟೂರ್ ಏಜೆಂಟರು 12 ದಿನಕ್ಕೆ ಏಳು ದೇಶ ಎನ್ನುತ್ತಾರೆ. ಮಗ ಇಟಲಿ ಒಂದನ್ನೇ ನೋಡಿ ಬನ್ನಿ ಎನ್ನುತ್ತಾನೆ. ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ ತೋಟಕ್ಕೆ ವಾಪಸ್ ಬಂದಿರಬೇಕು. ಎಷ್ಟು ದಿನ ಇಟ್ಟುಕೊಳ್ಳುವುದು ಸರಿ?
(ಕಾಫಿ ಬೆಳೆಗಾರರು, ಮೂಡಿಗೆರೆ)

ಉತ್ತರ: ನಿಮ್ಮ ಮಗ ಹೇಳುವುದೇ ಸರಿ. ಯಾಕೆಂದು ಲೆಕ್ಕ ಹಾಕಿ ನೋಡೋಣ.

ಮೊದಲು ದಿನ ಎಣಿಸುವುದನ್ನು ಬಿಟ್ಟು, ಅಲ್ಲಿ ಮಲಗುವ ರಾತ್ರಿಗಳನ್ನು ಎಣಿಸಿ. ಏಜೆಂಟರ 12 ದಿನ ಅಂದರೆ 11 ರಾತ್ರಿ. ಅದರಲ್ಲಿ ಒಂದು ವಿಮಾನದಲ್ಲೇ ಕಳೆಯುತ್ತದೆ, ಉಳಿದದ್ದು 10. ಇಳಿದ ದಿನ, ಹೊರಡುವ ದಿನ ಬಿಟ್ಟರೆ ಪೂರ್ತಿ ಸಿಗುವುದು 9 ದಿನ. ಏಳು ದೇಶ ಎಂದ ಮೇಲೆ ಕನಿಷ್ಠ ಆರು ಸಲ ಗಂಟುಮೂಟೆ ಕಟ್ಟಲೇಬೇಕು, ಒಂದೊಂದು ಸಲಕ್ಕೂ ಅರ್ಧ ದಿನ ಕಳೆಯಿರಿ. ಕೈಗೆ ಬಂದದ್ದು 6 ದಿನ, ಅದನ್ನು ಏಳು ದೇಶಕ್ಕೆ ಹಂಚಬೇಕು. ಹೋದ ಪುಟ್ಟ, ಬಂದ ಪುಟ್ಟ.

ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ ದಾರಿ, ಅದಕ್ಕೆ ಅರ್ಧ ದಿನ ಯಾಕೆ ಬೇಕು ಅನ್ನಿಸಬಹುದು. ಹೋಟೆಲ್ ರೂಮನ್ನು ಬೆಳಿಗ್ಗೆ 10 ಅಥವಾ 11ಕ್ಕೆ ಬಿಡಬೇಕು. ಸೂಟ್‌ಕೇಸ್ ಎಳೆದುಕೊಂಡು ಸ್ಟೇಷನ್ನಿಗೆ ಹೋಗಿ, ಪ್ಲಾಟ್‌ಫಾರ್ಮ್ ನಂಬರ್ ಬೋರ್ಡಿನಲ್ಲಿ ಬರುವತನಕ ಕತ್ತೆತ್ತಿಕೊಂಡು ನಿಲ್ಲಬೇಕು. ಅದು ಬರುವುದು ಕೊನೇ ಗಳಿಗೆಗೆ. ಹೊಸ ಊರಿನಲ್ಲಿ ರೂಮು ಕೊಡುವುದು ಮಧ್ಯಾಹ್ನ 2 ಅಥವಾ 3ಕ್ಕೆ. ಅಲ್ಲಿಯತನಕ ಲಗೇಜನ್ನು ಹೋಟೆಲಿನಲ್ಲಿಟ್ಟು ಸುತ್ತಮುತ್ತ ಓಡಾಡಬಹುದು, ಆದರೆ ಸ್ನಾನ ಇಲ್ಲ, ಕಾಲು ಚಾಚಲು ಜಾಗ ಇಲ್ಲ. ಒಂದೂವರೆ ಗಂಟೆಯ ರೈಲು ತಿನ್ನುವುದು ಐದು ಗಂಟೆ.

ನಿಮ್ಮ ಕಡೆಯ ಉದಾಹರಣೆಯೇ ಇದೆಯಲ್ಲ. ಬೆಂಗಳೂರಿನ ಬಸ್ಸು ಬೇಲೂರಿನಲ್ಲಿ ಮುಕ್ಕಾಲು ಗಂಟೆ, ಹಳೇಬೀಡಿನಲ್ಲಿ ಅರ್ಧ ಗಂಟೆ ನಿಂತು, ಸಂಜೆಗೆ ಮುಳ್ಳಯ್ಯನಗಿರಿ ಎಂದು ಓಡುತ್ತದೆ. ಮದನಿಕೆಯ ಮುಖ ನೋಡಲು ಕತ್ತೆತ್ತುವಷ್ಟರಲ್ಲಿ ಬಸ್ಸಿನ ಹಾರನ್. ಏಳು ದೇಶದ ಪ್ಯಾಕೇಜ್ ಇದರದೇ ದೊಡ್ಡ ರೂಪ.

ಇಟಲಿಗೆ 11 ರಾತ್ರಿ ಇಟ್ಟುಕೊಳ್ಳಿ: ರೋಮ್‌ನಲ್ಲಿ 4, ಫ್ಲಾರೆನ್ಸ್‌ನಲ್ಲಿ 4, ವೆನಿಸ್‌ನಲ್ಲಿ 2, ಮಿಲಾನ್‌ನಲ್ಲಿ 1. ಟಿಕೆಟ್ ಮಾಡುವಾಗ ರೋಮ್‌ಗೆ ಇಳಿದು ಮಿಲಾನ್‌ನಿಂದ ಹತ್ತುವಂತೆ ‘ಮಲ್ಟಿ ಸಿಟಿ’ ಆಯ್ಕೆ ಒತ್ತಿ. ರೋಮ್‌ನಿಂದಲೇ ವಾಪಸ್ ಟಿಕೆಟ್ ಮಾಡಿದರೆ ನೋಡಿದ ದಾರಿಯಲ್ಲೇ ಹಿಂದಕ್ಕೆ ಬರಲು ಇನ್ನೊಂದು ದಿನ ದಂಡ. ಈ ಲೆಕ್ಕದಲ್ಲಿ 10 ಪೂರ್ತಿ ದಿನ, ಮೂರು ಸ್ಥಳಾಂತರಕ್ಕೆ ಒಂದೂವರೆ ದಿನ, ಇಳಿದ ಮಾರನೆಯ ದಿನದ ತೂಕಡಿಕೆಗೆ ಅರ್ಧ ದಿನ ಕಳೆದು 8 ದಿನ ಗಟ್ಟಿಯಾಗಿ ಸಿಗುತ್ತದೆ.

ಬುಕ್ ಮಾಡುವ ಮುಂಚೆ ವಾರ ನೋಡಿ. ಫ್ಲಾರೆನ್ಸ್‌ನ ಉಫಿಜಿ ಗ್ಯಾಲರಿ, ಡೇವಿಡ್ ವಿಗ್ರಹ ಇರುವ ಅಕಾಡೆಮಿಯಾ ಎರಡೂ ಸೋಮವಾರ ಬಾಗಿಲು ಹಾಕುತ್ತವೆ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದಿರುತ್ತದೆ, ಆವತ್ತು ಜನಜಾತ್ರೆ. ಒಂದು ಊರಿಗೆ ಎರಡೇ ರಾತ್ರಿ ಇಟ್ಟು ನಡುವೆ ರಜೆ ಬಿದ್ದರೆ ಹೋದದ್ದೇ ದಂಡ. ನಾಲ್ಕು ರಾತ್ರಿ ಇದ್ದರೆ ಅದು ಹೇಗೋ ಸರಿಹೋಗುತ್ತದೆ.

ಇನ್ನು ದುಡ್ಡು. ಟಿಕೆಟ್, ವೀಸಾ, ವಿಮೆ ಸೇರಿ ಒಬ್ಬರಿಗೆ 75,000 ರೂಪಾಯಿ, ಅಲ್ಲಿಯ ಖರ್ಚು ದಿನಕ್ಕೆ 9,000 ಎಂದುಕೊಳ್ಳಿ. ಐದು ದಿನಕ್ಕೆ ಹೋದರೆ ದಿನವೊಂದಕ್ಕೆ ಬೀಳುವುದು 24,000. ಹತ್ತು ದಿನಕ್ಕೆ 16,500. ಹದಿನೈದಕ್ಕೆ 14,000. ಇಪ್ಪತ್ತಕ್ಕೆ 12,750. ಐದರಿಂದ ಹತ್ತಕ್ಕೆ ಹೋದಾಗ ದಿನಕ್ಕೆ 7,500 ಇಳಿಯಿತು, ಹದಿನೈದರಿಂದ ಇಪ್ಪತ್ತಕ್ಕೆ ಇಳಿದದ್ದು ಬರೀ 1,250. ನಿಮಗೆ ಸಿಕ್ಕ ನಿಜವಾದ ರೇಟು ಹಾಕಿ ಇದೇ ಲೆಕ್ಕ ಮಾಡಿ. ಇಳಿತ ಎಲ್ಲಿ ಸಪ್ಪಗಾಗುತ್ತದೋ ಅದರಾಚೆ ದಿನ ಸೇರಿಸುವುದು ಆಸೆಗೆ ಮಾತ್ರ, ಉಳಿತಾಯಕ್ಕಲ್ಲ.

ತೋಟ ಬಿಟ್ಟಿರುವ ದಿನಗಳು ಆ 11 ರಾತ್ರಿಗಿಂತ ಹೆಚ್ಚು. ಗಲ್ಫ್ ಮೂಲಕ ಹೋಗುವ ವಿಮಾನ ಬೆಳಗಿನ ಜಾವ ಹೊರಡುವುದಾದರೆ ಮೂಡಿಗೆರೆ ಬಿಡುವುದು ಹಿಂದಿನ ದಿನ ಮಧ್ಯಾಹ್ನವೇ, ದೇವನಹಳ್ಳಿ ಮುಟ್ಟಲು ಆರೇಳು ಗಂಟೆ ಬೇಕು. 1ನೇ ತಾರೀಖು ಹೊರಟರೆ ಮನೆ ಸೇರುವುದು 14ರ ಸಂಜೆ. ತೋಟದ ಲೆಕ್ಕ ನೋಡುವ ರೈಟರ್‌ಗೆ 14 ದಿನದ ಕೂಲಿ ಲೆಕ್ಕ, ಪಂಪಿನ ಡೀಸೆಲ್ಲು ಒಪ್ಪಿಸಿ ಹೋಗಿ. ಮಳೆಗಾಲದ ನಂತರದ ಗೊಬ್ಬರವನ್ನು ಸೆಪ್ಟೆಂಬರ್‌ನಲ್ಲೇ ಮುಗಿಸಿಕೊಂಡರೆ ಅಕ್ಟೋಬರ್ ಮೊದಲರ್ಧ ನಿಶ್ಚಿಂತೆ. ಆಯುಧಪೂಜೆಗೆ ಕಣದಲ್ಲಿ ನೀವೇ ನಿಲ್ಲಬೇಕು ಅನ್ನುವುದಾದರೆ ಪಂಚಾಂಗ ನೋಡಿಯೇ ಟಿಕೆಟ್ ತೆಗೆಸಿ.

ಒಂದು ಸಣ್ಣ ಮಾತು. ಫ್ಲಾರೆನ್ಸ್‌ನ ನಾಲ್ಕು ರಾತ್ರಿಗೆ ಹೋಟೆಲ್ ಬೇಡ, ಅಡುಗೆಮನೆ, ಬಟ್ಟೆ ಒಗೆಯುವ ಮೆಷಿನ್ ಇರುವ ಬಾಡಿಗೆ ಮನೆ ಹಿಡಿಯಿರಿ. ಆರನೇ ದಿನಕ್ಕೆ ಪಾಸ್ತಾ ಸಾಕಾಗಿ ಅನ್ನ ಸಾರು ನೆನಪಾಗುತ್ತದೆ, ಬಟ್ಟೆಯೂ ಮುಗಿದಿರುತ್ತದೆ.

ಪ್ರಶ್ನೆ: ಮಗಳು ಅಮೆರಿಕದ ಡಲ್ಲಾಸ್‌ನಲ್ಲಿದ್ದಾಳೆ. ನಮಗೆ 10 ವರ್ಷದ ವೀಸಾ ಸಿಕ್ಕಿದೆ. ಹೇಗೂ ಟಿಕೆಟ್ ದುಬಾರಿ, ಆರು ತಿಂಗಳು ಇದ್ದೇ ಬನ್ನಿ ಎನ್ನುತ್ತಾಳೆ. ನನಗೆ 67, ಮನೆಯವರಿಗೆ 62, ಇಬ್ಬರಿಗೂ ಸಕ್ಕರೆ ಕಾಯಿಲೆ. ಇರಬಹುದೇ?
(ನಿವೃತ್ತ ಶಿಕ್ಷಕರು, ಚನ್ನರಾಯಪಟ್ಟಣ)

ಉತ್ತರ: ಇರಬಹುದು, ಆದರೆ ಮೊದಲ ಸಲಕ್ಕೆ 10ರಿಂದ 12 ವಾರ ಸಾಕು ಅನ್ನುವುದು ನಮ್ಮ ಅಭಿಪ್ರಾಯ.

ಹತ್ತು ವರ್ಷ ಅನ್ನುವುದು ಬಾಗಿಲು ತಟ್ಟಲು ಸಿಕ್ಕ ಅವಧಿ. ಒಳಗೆ ಎಷ್ಟು ದಿನ ಇರಬಹುದು ಎನ್ನುವುದನ್ನು ಇಳಿದ ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಆ ಕೊನೆಯ ತಾರೀಖು ‘ಐ-94’ ಎಂಬ ದಾಖಲೆಯಲ್ಲಿರುತ್ತದೆ. ಇಳಿದ ಎರಡು ಮೂರು ದಿನದಲ್ಲಿ ಮಗಳಿಗೆ ಹೇಳಿ ಅದನ್ನು ಆನ್‌ಲೈನ್‌ನಲ್ಲಿ ತೆಗೆಸಿ, ಹೆಸರು, ತಾರೀಖು ಸರಿಯಿದೆಯೇ ನೋಡಿ ಪ್ರಿಂಟ್ ಇಟ್ಟುಕೊಳ್ಳಿ. ಆ ತಾರೀಖನ್ನು ದಾಟಿದರೆ ವೀಸಾ ರದ್ದಾದಂತೆಯೇ, ಹತ್ತು ವರ್ಷದ್ದು ಅನ್ನುವ ಮಾತು ನಡೆಯುವುದಿಲ್ಲ. 180 ದಿನಕ್ಕಿಂತ ಹೆಚ್ಚು ದಾಟಿ ಹೊರಬಂದರೆ ಮೂರು ವರ್ಷ, ಒಂದು ವರ್ಷ ದಾಟಿದರೆ ಹತ್ತು ವರ್ಷ ಪ್ರವೇಶವಿಲ್ಲ. ಕಾರಣವಿದ್ದು ಇನ್ನಷ್ಟು ದಿನ ಬೇಕಾದರೆ ತಾರೀಖು ಮುಗಿಯುವ ಮುಂಚೆಯೇ ಐ-539 ಅರ್ಜಿ ಹಾಕಬೇಕು. ಆರು ತಿಂಗಳು ಇದ್ದು ಬಂದು ಎರಡೇ ತಿಂಗಳಿಗೆ ಮತ್ತೆ ಹೊರಟರೆ ‘ಇಲ್ಲೇ ನೆಲೆಸುವ ಇರಾದೆಯೇ’ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಇದ್ದದ್ದಕ್ಕಿಂತ ಹೆಚ್ಚು ದಿನ ಊರಿನಲ್ಲಿ ಇದ್ದು ಹೋಗುವುದು ಕಾನೂನಲ್ಲ, ಜಾಣತನ.

ಹನ್ನೆರಡು ವಾರ ಎಂದದ್ದಕ್ಕೆ ಮುಖ್ಯ ಕಾರಣ ನಿಮ್ಮ ಮಾತ್ರೆ. ಸ್ವಂತ ಬಳಕೆಗೆ ಒಯ್ಯುವ ಔಷಧಿ ಸಾಮಾನ್ಯವಾಗಿ 90 ದಿನದ ಪ್ರಮಾಣ ಮೀರಬಾರದು. ಸ್ಟ್ರಿಪ್ ಒಡೆದು ಡಬ್ಬಿಗೆ ತುಂಬಬೇಡಿ. ವೈದ್ಯರಿಂದ ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರಿನಲ್ಲಿ ಚೀಟಿ ಬರೆಸಿಕೊಳ್ಳಿ, ಯಾಕೆಂದರೆ ಇಲ್ಲಿಯ ಬ್ರಾಂಡ್ ಹೆಸರು ಅಲ್ಲಿಯ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಇನ್ಸುಲಿನ್ ಇದ್ದರೆ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ವಿಮೆಯಲ್ಲಿ ಮೊದಲೇ ಇರುವ ಕಾಯಿಲೆಯ ಷರತ್ತನ್ನು ಓದಿಯೇ ಸಹಿ ಮಾಡಿ. ಹೆಚ್ಚಿನ ಪಾಲಿಸಿಗಳು ಅದನ್ನು ಹೊರಗಿಡುತ್ತವೆ, ಇಲ್ಲವೇ ತಟ್ಟನೆ ಉಲ್ಬಣಿಸಿದರೆ ಮಾತ್ರ ಕೊಡುತ್ತವೆ. ತಿಂಗಳು ಹೆಚ್ಚಾದಷ್ಟೂ ಪ್ರೀಮಿಯಮ್ಮೂ ಹೆಚ್ಚು, ವಯಸ್ಸಿಗೆ ತಕ್ಕಂತೆ ಇನ್ನೂ ಹೆಚ್ಚು.

ಇನ್ನೊಂದನ್ನು ಮಕ್ಕಳು ಹೇಳುವುದಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ. ಕಾರು ಓಡಿಸದವರಿಗೆ ಡಲ್ಲಾಸ್‌ನ ಬಡಾವಣೆಯಲ್ಲಿ ಅಂಗಡಿಗೆ ಹೋಗುವುದೂ ಕಷ್ಟ. ಜುಲೈ, ಆಗಸ್ಟ್‌ನ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಹಾಗಾಗಿ ಮಾರ್ಚ್ ಕೊನೆಯಿಂದ ಜೂನ್ ಮಧ್ಯದವರೆಗೆ ಹೋಗಿ. ಪಿಂಚಣಿಯ ಜೀವನ ಪ್ರಮಾಣಪತ್ರಕ್ಕೆ ನವೆಂಬರ್‌ನಲ್ಲಿ ನೀವು ಊರಿನಲ್ಲೇ ಇರುತ್ತೀರಿ, ಅದೂ ಒಂದು ಅನುಕೂಲ.

ಪ್ರಶ್ನೆ: ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಷೆಂಗೆನ್ ವೀಸಾದಲ್ಲಿ ಮೇ 1ರಿಂದ ಜೂನ್ 4ರವರೆಗೆ ಎಂದಿದೆ, ಪಕ್ಕದಲ್ಲಿ 20 ದಿನ ಎಂದೂ ಇದೆ. ಜೂನ್ 4ರತನಕ ಇರಬಹುದಲ್ಲವೇ? ನಡುವೆ ಲಂಡನ್‌ಗೂ ಹೋಗಿ ಬರುವ ಯೋಚನೆ ಇದೆ.
(ಸಾಫ್ಟ್‌ವೇರ್ ಉದ್ಯೋಗಿ, ಹಾಸನ)

ಉತ್ತರ: ಇಲ್ಲ. ಇರಬಹುದಾದದ್ದು 20 ದಿನ ಮಾತ್ರ, ಆ ಇಪ್ಪತ್ತು ದಿನ ಮೇ 1 ಮತ್ತು ಜೂನ್ 4ರ ನಡುವೆ ಯಾವಾಗಲಾದರೂ ಬೀಳಬಹುದು. ವಿಮಾನ ತಡವಾದರೆ, ತಾರೀಖು ಬದಲಾದರೆ ಇರಲಿ ಎಂದು ಕೊಡುವ 15 ದಿನದ ಸಡಿಲಿಕೆ ಅದು. ಎಣಿಸುವಾಗ ಒಳಹೋದ ದಿನ, ಹೊರಬಂದ ದಿನ ಎರಡೂ ಸೇರುತ್ತವೆ. ರಾತ್ರಿ 11:40ಕ್ಕೆ ಇಳಿದು ಇಮಿಗ್ರೇಷನ್ ದಾಟಿದರೂ ಅದು ಒಂದು ದಿನವೇ. ಮೇ 5ಕ್ಕೆ ಹೋದರೆ 24ಕ್ಕೆ ಹೊರಬಿದ್ದಿರಬೇಕು, 25ಕ್ಕಲ್ಲ. 2025ರ ಅಕ್ಟೋಬರ್‌ನಿಂದ ಹಂತಹಂತವಾಗಿ ಬೆರಳಚ್ಚು, ಮುಖದ ಚಿತ್ರದೊಂದಿಗೆ ಕಂಪ್ಯೂಟರ್ ದಾಖಲೆ ಬಂದಿದೆ, ಪಾಸ್‌ಪೋರ್ಟಿನ ಮೊಹರು ಮಸುಕಾಗಿದೆ ಎಂದು ಯಾರೂ ತಪ್ಪಿಸಿಕೊಳ್ಳುವಂತಿಲ್ಲ.

ಬ್ರಿಟನ್ನಿಗೆ ಬೇರೆಯೇ ವೀಸಾ ಬೇಕು. ಅಲ್ಲಿ ಕಳೆದ ದಿನಗಳು ಈ ಇಪ್ಪತ್ತರಲ್ಲಿ ಸೇರುವುದಿಲ್ಲ ನಿಜ, ಆದರೆ ನಿಮ್ಮ ವೀಸಾದಲ್ಲಿ ಪ್ರವೇಶದ ಸಂಖ್ಯೆ 1 ಎಂದಿದ್ದರೆ ಲಂಡನ್‌ನಿಂದ ಮತ್ತೆ ಪ್ಯಾರಿಸ್‌ಗೆ ಬರಲಾರಿರಿ. ಆಗ ಲಂಡನ್ನನ್ನು ಕೊನೆಗೆ ಇಟ್ಟು ಅಲ್ಲಿಂದಲೇ ಬೆಂಗಳೂರಿಗೆ ಹತ್ತಿ. ಮುಂದಿನ ಸಲ ಅರ್ಜಿಯಲ್ಲೇ ಬೇಕಾದಷ್ಟು ದಿನ ಬರೆಯಿರಿ, ವಿಮೆಯೂ ಅಷ್ಟೂ ದಿನಕ್ಕೆ, ಕನಿಷ್ಠ 30,000 ಯುರೋದ್ದು ಇರಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ 15 ದಿನಕ್ಕೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ದಸರಾ ರಜೆಯಲ್ಲಿ ಭೂತಾನ್‌ಗೆ ನಾಲ್ಕು ದಿನದಲ್ಲಿ ಹೋಗಿ ಬರಬಹುದೇ? ನಾವಿಬ್ಬರು, 8 ಮತ್ತು 5 ವರ್ಷದ ಮಕ್ಕಳು.
(ಗೃಹಿಣಿ, ಬೇಲೂರು)

ಉತ್ತರ: ನಾಲ್ಕು ದಿನ ದಾರಿಗೇ ಬೇಕು. ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ವಿಮಾನ, ಅಲ್ಲಿಂದ ಫುಂಟ್‌ಶೋಲಿಂಗ್ ಗಡಿಗೆ ಟ್ಯಾಕ್ಸಿ, ಅಲ್ಲಿಗೆ ಮೊದಲ ದಿನ ಮುಗಿಯಿತು. ಮಾರನೆಯ ದಿನ ಪರ್ಮಿಟ್ ಮಾಡಿಸಿ ಥಿಂಪು ಸೇರಲು ಸುಮಾರು 150 ಕಿಲೋಮೀಟರ್ ಘಾಟಿ ರಸ್ತೆ. ಬರುವಾಗಲೂ ಇಷ್ಟೇ. ಹಾಗಾಗಿ ಥಿಂಪು 2, ಪುನಾಖಾ 1, ಪಾರೋ 2, ಹೀಗೆ ಕನಿಷ್ಠ ಐದು ರಾತ್ರಿ ಆಗದಿದ್ದರೆ ಈ ಸಲ ಬೇಡ.

ಅಲ್ಲಿ ರಾತ್ರಿ ಲೆಕ್ಕದಲ್ಲೇ ಶುಲ್ಕ. ಭಾರತೀಯ ವಯಸ್ಕರಿಗೆ ರಾತ್ರಿಗೆ 1,200 ರೂಪಾಯಿ, 6ರಿಂದ 12 ವರ್ಷದವರಿಗೆ 600, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ನಿಮ್ಮ ಕುಟುಂಬಕ್ಕೆ ರಾತ್ರಿಗೆ 3,000, ಐದು ರಾತ್ರಿಗೆ 15,000. ಹೋಟೆಲ್, ಗಾಡಿ ಖರ್ಚು ಬೇರೆ. ನಿಮ್ಮಿಬ್ಬರಿಗೂ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು, ಆಧಾರ್ ನಡೆಯುವುದಿಲ್ಲ. ಪಾರೋದ ಟೈಗರ್ಸ್ ನೆಸ್ಟ್ ಮಠ 3,100 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,930. ಆ ಹತ್ತುವಿಕೆ ಕೊನೆಯ ದಿನಕ್ಕಿರಲಿ, ಅಷ್ಟರಲ್ಲಿ ಮೈ ಒಗ್ಗಿರುತ್ತದೆ. ಐದು ವರ್ಷದ ಮಗುವಿನ ಜೊತೆ ಅರ್ಧ ದಾರಿಯ ಕೆಫೆಟೇರಿಯಾದಲ್ಲೇ ಒಬ್ಬರು ಉಳಿಯಬೇಕಾಗುತ್ತದೆ, ಯಾರೆಂದು ಮನೆಯಲ್ಲೇ ಮಾತಾಡಿಕೊಂಡು ಹೊರಡಿ.

ಪ್ರಶ್ನೆ: ಜಪಾನ್‌ಗೆ 9 ದಿನ ಎಂದುಕೊಂಡಿದ್ದೇನೆ. ರೈಲು ಪಾಸ್ 7, 14, 21 ದಿನದ್ದಿದೆ. 14ಕ್ಕೆ ಏರಿಸಲೇ?
(ವಿದ್ಯಾರ್ಥಿ, ಚಿಕ್ಕಮಗಳೂರು)

ಉತ್ತರ: ಪಾಸಿಗಾಗಿ ದಿನ ಏರಿಸಬೇಡಿ. 2023ರ ಅಕ್ಟೋಬರ್‌ನಲ್ಲಿ ಅದರ ದರ ಏರಿ 7 ದಿನದ್ದು 50,000 ಯೆನ್, 14 ದಿನದ್ದು 80,000 ಆಯಿತು. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲು ಒಂದು ಕಡೆಗೆ ಸುಮಾರು 14,000 ಯೆನ್, ಹೋಗಿ ಬಂದರೆ 28,000. ಈ ಎರಡು ಊರು ಮಾತ್ರವಾದರೆ ಬಿಡಿ ಟಿಕೆಟ್ಟೇ ಅಗ್ಗ. ಟೋಕಿಯೊ 5, ಕ್ಯೋಟೊ 3 ರಾತ್ರಿ ಇಟ್ಟು, ಒಸಾಕಾದ ಕಾನ್ಸಾಯ್ ನಿಲ್ದಾಣದಿಂದ ವಾಪಸ್ ವಿಮಾನ ಸಿಕ್ಕರೆ ಆ ಒಂದು ಕಡೆಯ 14,000 ಕೂಡ ಉಳಿಯುತ್ತದೆ.