ದೊಡ್ಡ ಟೆಕ್ಸ್ಟಿನಲ್ಲಿ ಒಂದೆರಡು ತಪ್ಪಿರುವ ಪದವನ್ನು ಬೇಗ ಹುಡುಕುವುದು ಹೇಗೆ?

20 ಅಕ್ಷರದ ಪ್ಯಾಟರ್ನ್ (ಹುಡುಕಬೇಕಾದ ಪದ), ಒಂದು ಕೋಟಿ ಅಕ್ಷರದ ಟೆಕ್ಸ್ಟ್, 2 ತಪ್ಪಿದ್ದರೂ ಸಿಗಬೇಕು. ನೀವು ಪ್ರತಿ ಜಾಗದಿಂದಲೂ 20 ಅಕ್ಷರ ಕತ್ತರಿಸಿ ಲೆವೆನ್‌ಶ್ಟೈನ್ ದೂರ (ಒಂದನ್ನು ಇನ್ನೊಂದಾಗಿಸಲು ಕನಿಷ್ಠ ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂಬ ಎಣಿಕೆ) ಲೆಕ್ಕ ಹಾಕುತ್ತಿದ್ದೀರಿ, ಅದು ಮುಗಿಯುತ್ತಲೇ ಇಲ್ಲ. ಪ್ರಶ್ನೆ ಇಷ್ಟೇ ಅಲ್ವಾ?

ನಿಧಾನಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಿಮ್ಮ ಕೋಡ್ ಕೆಲವು ಉತ್ತರಗಳನ್ನು ಬಿಟ್ಟುಬಿಡುತ್ತದೆ. ಟೆಕ್ಸ್ಟಿನಲ್ಲಿ ಎರಡು ಅಕ್ಷರ ಬಿಟ್ಟುಹೋಗಿದ್ದರೆ ಆ ಪದ 18 ಅಕ್ಷರವಷ್ಟೇ. ನೀವು 20 ಕತ್ತರಿಸಿದಾಗ ಪಕ್ಕದ ಎರಡು ಅಕ್ಷರವೂ ಸೇರಿಕೊಂಡು ದೂರ 4 ಆಗಬಹುದು. ಹಾಗಾಗಿ ಕತ್ತರಿಸುವುದನ್ನೇ ಬಿಡಿ.

ಲೆವೆನ್‌ಶ್ಟೈನ್ ಟೇಬಲ್ ನಿಮಗೆ ಗೊತ್ತಿದೆ, ಪ್ರತಿ ಮನೆಯಲ್ಲೂ ಅಲ್ಲಿಯವರೆಗಿನ ಕನಿಷ್ಠ ತಪ್ಪಿನ ಎಣಿಕೆ ಇರುತ್ತದೆ. ಪ್ಯಾಟರ್ನ್ ಮೇಲಿನಿಂದ ಕೆಳಗೆ, ಟೆಕ್ಸ್ಟ್ ಎಡದಿಂದ ಬಲಕ್ಕೆ. ಮೊದಲ ಸಾಲಿನಲ್ಲಿ 0, 1, 2, 3 ಅಂತ ತುಂಬುತ್ತೇವೆ, ಅಂದರೆ ಟೆಕ್ಸ್ಟಿನ ಮುಂಭಾಗ ದಾಟಿಹೋಗುವುದಕ್ಕೂ ದಂಡ. 1980ರಲ್ಲಿ ಸೆಲ್ಲರ್ಸ್ ಎಂಬ ಗಣಿತಜ್ಞರು ಮಾಡಿದ್ದು ಸಣ್ಣ ಬದಲಾವಣೆ: ಆ ಸಾಲಿಗೆ ಪೂರ್ತಿ ಸೊನ್ನೆ ಹಾಕಿದರು. ಈಗ ಪ್ಯಾಟರ್ನ್ ಎಲ್ಲಿಂದ ಶುರುವಾದರೂ ದಂಡವಿಲ್ಲ. ಉಳಿದ ಲೆಕ್ಕವೆಲ್ಲ ಹಳೆಯದೇ.

'ಕಮಲ' ಅನ್ನು 'ಬಕವಲಯ'ದಲ್ಲಿ ಹುಡುಕಿ ನೋಡಿ. ಒಂದೊಂದು ಅಕ್ಷರ ಓದಿದಂತೆ ಕೊನೆಯ ಸಾಲಿನಲ್ಲಿ 3, 2, 2, 1, 2 ಬರುತ್ತದೆ. 'ಲ' ಹತ್ತಿರ 1 ಇದೆ, ಅಂದರೆ ಅಲ್ಲಿಗೆ ಮುಗಿಯುವ 'ಕವಲ'ದಲ್ಲಿ ತಪ್ಪು ಒಂದೇ. ಕೊನೆಯ ಸಾಲಿನಲ್ಲಿ ನಿಮ್ಮ ಮಿತಿಯೊಳಗಿನ ಸಂಖ್ಯೆ ಎಲ್ಲಿ ಕಂಡರೂ ಅಲ್ಲೊಂದು ಹೊಂದಿಕೆ ಮುಗಿದಿದೆ ಎಂದರ್ಥ. ಎಲ್ಲಿ ಶುರುವಾಯಿತು ಅಂತಲೂ ಬೇಕಿದ್ದರೆ, ಅಲ್ಲಿಂದ ಪ್ಯಾಟರ್ನ್, ಟೆಕ್ಸ್ಟ್ ಎರಡನ್ನೂ ತಿರುಗಿಸಿ ಹಿಂದಕ್ಕೆ ಓಡಿಸಿ. ಪೂರ್ತಿ ಟೇಬಲ್ ಇಟ್ಟುಕೊಳ್ಳಬೇಡಿ, ಹಿಂದಿನ ಒಂದು ಕಾಲಂ ಇದ್ದರೆ ಸಾಕು. ನಿಮ್ಮ ಲೆಕ್ಕದಲ್ಲಿ 400 ಕೋಟಿ ಮನೆ ತುಂಬಬೇಕಿತ್ತು, ಇಲ್ಲಿ 20 ಕೋಟಿ.

ಇನ್ನೂ ಬೇಗ ಬೇಕೇ? ನನಗೆ ತುಂಬಾ ಇಷ್ಟವಾದ ಉಪಾಯ ಇದು. ಪ್ಯಾಟರ್ನನ್ನು 7, 7, 6 ಅಕ್ಷರದ ಮೂರು ತುಂಡು ಮಾಡಿ. ತಪ್ಪು ಎರಡೇ, ತುಂಡು ಮೂರು. ಎರಡು ತಪ್ಪು ಸೇರಿ ಮೂರನ್ನೂ ಕೆಡಿಸಲಾರವು, ಒಂದಾದರೂ ಹಾಗೇ ಉಳಿದಿರಲೇಬೇಕು. ಸರಿ, ಆ ತುಂಡುಗಳನ್ನು ಮಾಮೂಲಿ ಹುಡುಕಾಟದಲ್ಲಿ ಹುಡುಕಿ, ಸಿಕ್ಕ ಕಡೆ ಮಾತ್ರ ಸುತ್ತಮುತ್ತ ಸೆಲ್ಲರ್ಸ್ ಓಡಿಸಿ. ಟೆಕ್ಸ್ಟಿನ ಬಹುಪಾಲನ್ನು ಟೇಬಲ್ ಮುಟ್ಟುವುದೇ ಇಲ್ಲ. ಆದರೆ 6 ಅಕ್ಷರದ ಪ್ಯಾಟರ್ನಿಗೆ ಇದನ್ನು ಮಾಡಲು ಹೋಗಬೇಡಿ. ಎರಡೆರಡು ಅಕ್ಷರದ ತುಂಡು ಹೆಜ್ಜೆಹೆಜ್ಜೆಗೂ ಸಿಗುತ್ತದೆ, ಸುಮ್ನೆ ಕೆಲಸ ಜಾಸ್ತಿ.

ಅಂಥ ಚಿಕ್ಕ ಪ್ಯಾಟರ್ನಿಗೆ 1999ರ ಮೈಯರ್ಸ್ ಅಲ್ಗಾರಿದಮ್ ಇದೆ. ಟೇಬಲಿನಲ್ಲಿ ಮೇಲಿನ ಮನೆಗೂ ಕೆಳಗಿನ ಮನೆಗೂ ವ್ಯತ್ಯಾಸ -1, 0 ಅಥವಾ +1 ಅಷ್ಟೇ. ಅದನ್ನು ಬಿಟ್‌ಗಳಲ್ಲಿ ಇಟ್ಟರೆ 64 ಅಕ್ಷರದವರೆಗಿನ ಪ್ಯಾಟರ್ನಿನ ಇಡೀ ಕಾಲಂ ಕೆಲವೇ ಬಿಟ್ ಲೆಕ್ಕದಲ್ಲಿ ಮುಗಿಯುತ್ತದೆ. ಇದನ್ನು ಸ್ವಂತವಾಗಿ ಬರೆಯಲು ಕೂರಬೇಡಿ, ಒಳ್ಳೆಯ ಲೈಬ್ರರಿಗಳಿವೆ. ನಾನು ಬರೆದು ಎರಡು ದಿನ ಕಳೆದುಕೊಂಡವನು.

ಒಂದು ವೇಳೆ ನಿಮ್ಮದು ಉದ್ದನೆಯ ಟೆಕ್ಸ್ಟ್ ಅಲ್ಲ, ಪದಗಳ ಪಟ್ಟಿ ಅನ್ನುವುದಾದರೆ ದಾರಿಯೇ ಬೇರೆ. ಪಟ್ಟಿಯನ್ನು ಟ್ರೈ (trie, ಒಂದೇ ಥರ ಶುರುವಾಗುವ ಪದಗಳು ಆ ಮೊದಲ ಅಕ್ಷರಗಳನ್ನು ಹಂಚಿಕೊಳ್ಳುವ ಮರ) ಆಗಿ ಜೋಡಿಸಿ, ಅದರ ಮೇಲೆ ಲೆವೆನ್‌ಶ್ಟೈನ್ ಆಟೊಮ್ಯಾಟನ್ (ಮಿತಿಯೊಳಗೆ ತಪ್ಪಿರುವ ಪದಗಳನ್ನಷ್ಟೇ ಒಪ್ಪುವ ಯಂತ್ರ) ನಡೆಸಿ. ಬಿಕೆ ಟ್ರೀ (ಪದಗಳನ್ನು ಪರಸ್ಪರ ದೂರದ ಪ್ರಕಾರ ಜೋಡಿಸುವ ಮರ) ಬಗ್ಗೆ ಎಲ್ಲರೂ ಹೇಳುತ್ತಾರೆ. 2 ತಪ್ಪಿಗೆ ಅದು ನನ್ನ ಪಟ್ಟಿಯಲ್ಲಿ ಜಾಸ್ತಿ ಏನೂ ಉಳಿಸಲಿಲ್ಲ.

ಟೆಕ್ಸ್ಟ್ ಕನ್ನಡದಲ್ಲಿದ್ದರೆ ಇನ್ನೊಂದು ಮಾತು. ನನ್ನ ಮೊದಲ ಕೋಡ್ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟ್ ಆಗಿ ಉಳಿಸುವ ರೀತಿ) ಬೈಟ್‌ಗಳ ಮೇಲೆ ಓಡುತ್ತಿತ್ತು. 'ಕಾಗದ'ವನ್ನು 'ಕಾಗತ' ಅಂತ ಬರೆದಿದ್ದರೆ ಸಿಗುತ್ತಿತ್ತು, 'ಕಗದ' ಅಂತಿದ್ದರೆ ಇಲ್ಲ. ಎಷ್ಟೋ ಹೊತ್ತು ತಲೆ ಕೆರೆದುಕೊಂಡೆ. ಕನ್ನಡದ ಪ್ರತಿ ಅಕ್ಷರಕ್ಕೂ ಚಿಹ್ನೆಗೂ 3 ಬೈಟ್. 'ದ' ಹೋಗಿ 'ತ' ಬಂದರೆ ಕೊನೆಯ ಬೈಟ್ ಮಾತ್ರ ಬದಲು, ದಂಡ 1. ದೀರ್ಘ ಬಿಟ್ಟುಹೋದರೆ ಮೂರೂ ಬೈಟ್ ಹೋಗಿ ದಂಡ 3, ನನ್ನ ಮಿತಿ ಇದ್ದದ್ದು 2. ಅಷ್ಟೇ ಅಲ್ಲ, 'ಕೀ' ಒಳಗಿನ ದೀರ್ಘವನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎರಡು ಚಿಹ್ನೆಯಾಗಿಯೂ ಇಡಬಹುದು. ಪರದೆ ಮೇಲೆ ಎರಡೂ ಒಂದೇ ಥರ, ಲೆಕ್ಕದಲ್ಲಿ ಮಾತ್ರ ತಪ್ಪು. ಆದ್ದರಿಂದ ಮೊದಲು ಟೆಕ್ಸ್ಟನ್ನೂ ಪ್ಯಾಟರ್ನನ್ನೂ ಎನ್‌ಎಫ್‌ಸಿಗೆ (ಇಂಥ ಚಿಹ್ನೆಗಳನ್ನು ಒಂದೇ ರೂಪಕ್ಕೆ ತರುವ ಯುನಿಕೋಡ್ ಕ್ರಮ) ತನ್ನಿ, ಬೈಟ್ ಬಿಟ್ಟು ಯುನಿಕೋಡ್ ಸಂಕೇತಗಳ ಮೇಲೆ ಎಣಿಸಿ, ಆಮೇಲೆ ವೇಗದ ಚಿಂತೆ ಮಾಡಿ.