ವ್ಯಾಕ್ಸ್‌ನಿಂದ ಗೀರು ಹೋಗುವುದೇ?

ಪ್ರಶ್ನೆ: ನನ್ನ ಕಪ್ಪು ಕಾರಿನ ಮೇಲೆ ಬಿಸಿಲಿನಲ್ಲಿ ಸುರುಳಿ ಸುರುಳಿಯಾದ ಸಣ್ಣ ಗೀರುಗಳು ಎದ್ದು ಕಾಣುತ್ತವೆ. ಮನೆಯಲ್ಲೇ ವ್ಯಾಕ್ಸ್ ಹಚ್ಚಿದರೆ ಹೋಗುತ್ತವೆಯೇ?

ಉತ್ತರ: ಹೋಗುವುದಿಲ್ಲ, ಕೆಲವು ದಿನ ಮರೆಯಾಗಬಹುದು, ಅಷ್ಟೇ. ಗೀರು ತೆಗೆಯುವುದು ಪಾಲಿಶ್‌ನ ಕೆಲಸ: ಅದರಲ್ಲಿರುವ ಸೂಕ್ಷ್ಮ ಕಣಗಳು ಬಣ್ಣದ ಮೇಲಿನ ಪಾರದರ್ಶಕ ಪದರವನ್ನು ತುಸುವೇ ಸವೆಸಿ ಗೀರಿನ ಅಂಚುಗಳನ್ನು ಸಮಗೊಳಿಸುತ್ತವೆ. ವ್ಯಾಕ್ಸ್ ಆ ಮೇಲ್ಮೈಯನ್ನು ಕಾಪಾಡುತ್ತದೆಯೇ ಹೊರತು ತಿದ್ದುವುದಿಲ್ಲ. ಆ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಮಾತ್ರವಾದ್ದರಿಂದ, ಉಗುರಿಗೆ ತಡೆಯುವಷ್ಟು ಆಳವಾದ ಗೀರನ್ನು ಉಜ್ಜಿ ತೆಗೆಯುವ ಹಟ ಬೇಡ. ತೊಳೆದು ಒಣಗಿಸಿದ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಅತಿ ನಯವಾದ ಪಾಲಿಶನ್ನು ಮೊದಲು ಗೇಣಗಲದ ಜಾಗದಲ್ಲಿ ಪರೀಕ್ಷಿಸಿ. ಅದು ಸಾಲದಿದ್ದರೆ ಮಾತ್ರ ಒರಟಾದುದನ್ನು ಬಳಸಿ. ಆಮೇಲೆ ಹಚ್ಚುವ ಕಾರ್ನೌಬಾ ವ್ಯಾಕ್ಸ್ (ಒಂದು ಬಗೆಯ ತಾಳೆಯ ಎಲೆಯಿಂದ ತೆಗೆದ ಮೇಣ) ಸೊಗಸಾದ ಹೊಳಪು ಕೊಟ್ಟರೂ ಸಾಮಾನ್ಯವಾಗಿ ಕೆಲವು ವಾರಗಳಷ್ಟೇ ಬಾಳುತ್ತದೆ; ಸಿಂಥೆಟಿಕ್ ಸೀಲಂಟ್ (ಕೃತಕವಾಗಿ ತಯಾರಿಸಿದ ರಕ್ಷಣಾ ಲೇಪ) ತಿಂಗಳುಗಟ್ಟಲೆ ಉಳಿಯುತ್ತದೆ. ಬಯಲಿನಲ್ಲೇ ನಿಲ್ಲುವ ಕಾರಾದರೆ ಸೀಲಂಟೇ ಮೇಲು.